ಮುಖ ನೋಡಿ ಭಾವ ಗುರುತಿಸುವ ಹಾಳೆ: ಮನುಷ್ಯ, ನಾಯಿ, ಬೆಕ್ಕು, ಕುದುರೆ. ಯಾವ ಭಾಗ ನೋಡಬೇಕು, ಎಲ್ಲಿ ಎಡವುತ್ತೇವೆ?

ಹಾಳೆಗಾರ (ಪ್ರಶ್ನೆ)

ಪ್ರಾಣಿಗಳ ಆರೈಕೆ ಮಾಡುವ ಸ್ವಯಂಸೇವಕರಿಗಾಗಿ ಒಂದು ಗಮನಿಕೆ ಹಾಳೆ ಸಿದ್ಧಪಡಿಸುತ್ತಿದ್ದೇನೆ. ಮನುಷ್ಯರ ಮುಖದಿಂದ ಶುರುಮಾಡಿ ನಾಯಿ, ಬೆಕ್ಕು, ಕುದುರೆಗೆ ಹೋಗುವ ಯೋಚನೆ. ಈಗಿನ ಕರಡಿನಲ್ಲಿ ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಅಚ್ಚರಿ ಅಂತ ಆರು ಕಾಲಂ ಇವೆ. ಮುಖ ನೋಡಿ ಟಿಕ್ ಹಾಕುವುದು, ಅಷ್ಟೇ. ಇಬ್ಬರಿಗೆ ಒಂದೇ ವಿಡಿಯೊ ಕೊಟ್ಟರೆ ಟಿಕ್‌ಗಳು ತಾಳೆಯಾಗುತ್ತಿಲ್ಲ. ಪ್ರಾಣಿಗಳ ವಿಷಯದಲ್ಲಂತೂ ಒಬ್ಬರು ಏರಿಗೆಳೆದರೆ ಇನ್ನೊಬ್ಬರು ನೀರಿಗೆಳೆಯುತ್ತಾರೆ.

ಕೇಳಬೇಕಾದ್ದು ಇಷ್ಟು. ಕಣ್ಣಂಚಿನಲ್ಲಿ ನೆರಿಗೆ ಬಿದ್ದರೆ ನಿಜವಾದ ನಗು, ಬೀಳದಿದ್ದರೆ ಹುಸಿನಗು ಎನ್ನುತ್ತಾರಲ್ಲ, ಅದು ಎಷ್ಟು ಸರಿ? ಪ್ರಾಣಿಗಳ ಮುಖಕ್ಕೆ ಅಂಕ ಕೊಡುವ, ಪರೀಕ್ಷೆಗೆ ಒಳಪಟ್ಟ ವಿಧಾನ ಯಾವುದಾದರೂ ಇದೆಯೇ? ವಿಡಿಯೊ ಹೇಗೆ ತೆಗೆಯಬೇಕು? ಯಾವುದಾದರೂ ಸಾಫ್ಟ್‌ವೇರ್‌ಗೆ ವಿಡಿಯೊ ಕೊಟ್ಟು ಕೆಲಸ ಮುಗಿಸಬಹುದೇ?

ನರಸ್ನಾಯು

ನಿಮ್ಮ ನೋಡುಗರ ಕಣ್ಣು ಸರಿಯಾಗಿಯೇ ಇದೆ, ಎಡವಟ್ಟು ಇರುವುದು ಕಾಲಂಗಳಲ್ಲಿ. ‘ಕೋಪ’ಕ್ಕೆ ಟಿಕ್ ಹಾಕುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಏನು ಅಲುಗಿತು ಎಂದು ಕಾಣುವುದು ಒಂದು, ಯಾಕೆ ಅಲುಗಿತು ಎಂದು ಊಹಿಸುವುದು ಇನ್ನೊಂದು. ಮೊದಲನೆಯದರಲ್ಲಿ ತರಬೇತಾದ ಇಬ್ಬರು ಸಾಕಷ್ಟು ಚೆನ್ನಾಗಿ ಒಪ್ಪುತ್ತಾರೆ. ತಕರಾರೆಲ್ಲ ಎರಡನೆಯದರಲ್ಲಿ. ಹಾಳೆಯಲ್ಲಿ ಚಲನೆಗೆ ಒಂದು ಜಾಗ, ಊಹೆಗೆ ಬೇರೆಯೇ ಜಾಗ ಕೊಡಿ. ಊಹೆಯ ಜಾಗ ಕೊನೆಯಲ್ಲಿರಲಿ.

ಮನುಷ್ಯರಿಗೆ ಈ ಬೇರ್ಪಡಿಕೆಯನ್ನು ಕ್ರಮಬದ್ಧವಾಗಿ ಮಾಡಿಟ್ಟವರು ಮನೋವಿಜ್ಞಾನಿಗಳಾದ ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸನ್. 1978ರಲ್ಲಿ ಅವರು ಫೇಶಿಯಲ್ ಆಕ್ಷನ್ ಕೋಡಿಂಗ್ ಸಿಸ್ಟಂ ಪ್ರಕಟಿಸಿದರು. 2002ರಲ್ಲಿ ಅದು ಪರಿಷ್ಕರಣೆ ಆಯಿತು. ಬಳಸುವವರ ಬಾಯಲ್ಲಿ ಅದು ‘ಫ್ಯಾಕ್ಸ್’. ಅದರಲ್ಲಿ ಭಾವದ ಹೆಸರೇ ಇಲ್ಲ. ಕಣ್ಣಿಗೆ ಬೇರೆಯಾಗಿ ಕಾಣುವ ಪ್ರತಿ ಚಲನೆಗೂ ಒಂದು ನಂಬರು, ಅದನ್ನು ಆಕ್ಷನ್ ಯೂನಿಟ್ ಅಥವಾ ಎಯು ಎನ್ನುತ್ತಾರೆ. ನಿಮ್ಮ ಹಾಳೆಗೆ ಇಷ್ಟು ಸಾಕು:

ಎಯು 1: ಹುಬ್ಬಿನ ಒಳತುದಿ ಮೇಲೇರುವುದು.
ಎಯು 2: ಹುಬ್ಬಿನ ಹೊರತುದಿ ಮೇಲೇರುವುದು.
ಎಯು 4: ಹುಬ್ಬುಗಳು ಕೆಳಗಿಳಿದು ಒಂದಕ್ಕೊಂದು ಹತ್ತಿರವಾಗುವುದು, ಅಂದರೆ ಹುಬ್ಬುಗಂಟು.
ಎಯು 5: ಮೇಲಿನ ರೆಪ್ಪೆ ಇನ್ನಷ್ಟು ಮೇಲೆ ಸರಿಯುವುದು.
ಎಯು 6: ಕೆನ್ನೆ ಮೇಲೆದ್ದು ಕಣ್ಣಂಚು ನೆರಿಗೆಗಟ್ಟುವುದು.
ಎಯು 7: ರೆಪ್ಪೆ ಬಿಗಿಯುವುದು.
ಎಯು 9: ಮೂಗು ಸಿಂಡರಿಸುವುದು.
ಎಯು 10: ಮೇಲ್ದುಟಿ ಏರುವುದು.
ಎಯು 12: ಕಟವಾಯಿ ಓರೆಯಾಗಿ ಮೇಲಕ್ಕೆಳೆಯುವುದು.
ಎಯು 15: ಕಟವಾಯಿ ಕೆಳಕ್ಕಿಳಿಯುವುದು.
ಎಯು 20: ತುಟಿ ಅಡ್ಡಕ್ಕೆ, ಕಿವಿಯ ಕಡೆಗೆ ಹಿಗ್ಗುವುದು.
ಎಯು 23, 24: ತುಟಿ ಬಿಗಿಯುವುದು, ಒಂದಕ್ಕೊಂದು ಒತ್ತುವುದು.
ಎಯು 26: ದವಡೆ ಜೋತುಬೀಳುವುದು.

ಪ್ರತಿಯೊಂದಕ್ಕೂ ಇಂಗ್ಲಿಷಿನ ಎ (A) ಇಂದ ಇ (E) ವರೆಗೆ ಐದು ಮಟ್ಟದ ತೀವ್ರತೆ ಇದೆ. ಎ ಎಂದರೆ ಸುಳಿವಷ್ಟೇ, ಇ ಎಂದರೆ ಆ ಮುಖದಲ್ಲಿ ಸಾಧ್ಯವಿರುವ ಗರಿಷ್ಠ. ಸ್ವಯಂಸೇವಕರಿಗೆ ಐದು ಮಟ್ಟ ಹೊರೆಯಾಗುತ್ತದೆ. ‘ಇಲ್ಲ, ಸ್ವಲ್ಪ, ಸ್ಪಷ್ಟ’ ಎಂಬ ಮೂರು ಸಾಕು.

ನೀವು ಪಟ್ಟಿ ಮಾಡಿದ ಆರು ಭಾವಗಳಿಗೂ ಮಾದರಿ ಜೋಡಣೆಗಳಿವೆ. 6 ಮತ್ತು 12 ಸೇರಿದರೆ ಸಂತೋಷ. 1, 4, 15 ದುಃಖ. 1, 2, 5, 26 ಅಚ್ಚರಿ. ಅಚ್ಚರಿಯ ಹುಬ್ಬಿಗೆ 4 ಮತ್ತು ಬಾಯಿಗೆ 20 ಸೇರಿದರೆ ಭಯ. 4, 5, 7, 23 ಕೋಪ. 9 ಅಥವಾ 10 ಅಸಹ್ಯ. ಭಯಕ್ಕೂ ಅಚ್ಚರಿಗೂ ಗೊಂದಲವಾಗುವುದು ಎಲ್ಲಕ್ಕಿಂತ ಹೆಚ್ಚು. ಆಗ ಹುಬ್ಬನ್ನೇ ನೋಡಬೇಕು. ಅಚ್ಚರಿಯಲ್ಲಿ ಹುಬ್ಬು ಬಿಲ್ಲಿನಂತೆ ಬಾಗಿ ಏರುತ್ತದೆ. ಭಯದಲ್ಲಿ ಏರುತ್ತಲೇ ಒಳಕ್ಕೆ ಸೆಳೆದುಕೊಳ್ಳುವುದರಿಂದ ನೇರ ಗೆರೆಯಾಗಿ ಕಾಣುತ್ತದೆ.

ಆದರೆ ಈ ಪೂರ್ತಿ ಜೋಡಣೆಗಳು ದಿನನಿತ್ಯದ ಮುಖಗಳಲ್ಲಿ ಅಪರೂಪ. ನಟರ ಫೋಟೊಗಳಲ್ಲಿ ಢಾಳಾಗಿ ಕಾಣುತ್ತವೆ, ಮಾತುಕತೆಯ ವಿಡಿಯೊದಲ್ಲಿ ಒಂದೋ ಎರಡೋ ತುಣುಕು ಸಿಗುತ್ತದೆ. ಮನೋವಿಜ್ಞಾನಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಹಲೇಖಕರು 2019ರಲ್ಲಿ ಪ್ರಕಟಿಸಿದ ದೊಡ್ಡ ಪರಾಮರ್ಶೆ ಇದೇ ವಿಷಯದ್ದು. ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಮೂರರಲ್ಲಿ ಒಂದು ಸಲವೂ ಅಲ್ಲ. ಹುಬ್ಬು ಗಂಟಿಕ್ಕಿದವರೆಲ್ಲ ಕೋಪಗೊಂಡಿರುವುದೂ ಇಲ್ಲ: ಬಿಸಿಲು ಕಣ್ಣಿಗೆ ಹೊಡೆದರೂ, ಸಣ್ಣ ಅಕ್ಷರ ಓದಿದರೂ, ತಲೆನೋವಿದ್ದರೂ, ಲೆಕ್ಕ ಹಾಕುತ್ತಿದ್ದರೂ ಎಯು 4 ಬಂದೇ ಬರುತ್ತದೆ. 1 ಮತ್ತು 2 ಒಟ್ಟಿಗೆ ಏರುವುದಕ್ಕಂತೂ ಮಾತಿನಲ್ಲಿ ಒಂದು ಪದಕ್ಕೆ ಒತ್ತು ಕೊಟ್ಟರೆ ಸಾಕು.

ಹಾಳೆಯ ಮೇಲ್ತುದಿಯಲ್ಲಿ ‘ಸಹಜ ಮುಖ’ ಎಂಬ ಒಂದು ಸಾಲು ಕಡ್ಡಾಯವಾಗಿ ಇಡಿ. ಕೆಲವರ ಕಟವಾಯಿ ಸುಮ್ಮನಿದ್ದಾಗಲೇ ಕೆಳಗಿರುತ್ತದೆ. ವಯಸ್ಸಾದವರ ಹಣೆಯಲ್ಲಿ ಹುಬ್ಬು ಅಲುಗದಿದ್ದರೂ ಗೆರೆಗಳಿರುತ್ತವೆ. ಪಾರ್ಕಿನ್ಸನ್ಸ್ ಎಂಬ ನರರೋಗ ಇರುವವರ ಮುಖದಲ್ಲಿ ಚಲನೆ ಕಡಿಮೆ, ಕಣ್ಣು ಮಿಟುಕಿಸುವುದೂ ಕಡಿಮೆ. ಒಳಗೆ ಭಾವ ಇದ್ದರೂ ನೋಡುವವರಿಗೆ ನಿರಾಸಕ್ತಿಯಂತೆ ಕಾಣುತ್ತದೆ. ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಹಾಕಿಸಿಕೊಂಡವರ ಹುಬ್ಬಿನ ನಡುವೆ ಎಯು 4 ಹುಡುಕಿ ಪ್ರಯೋಜನವಿಲ್ಲ. ಗುರುತಿಸಬೇಕಾದದ್ದು ಗೆರೆಯನ್ನಲ್ಲ, ಸಹಜ ಮುಖದಿಂದ ಎಷ್ಟು ಬದಲಾಯಿತು ಎಂಬುದನ್ನು.

ಚೌಕಟ್ಟು_30

ನಗುವಿನ ಪ್ರಶ್ನೆಗೆ ಮೊದಲು ಉತ್ತರಿಸಿ ವಿಡಿಯೊಗೆ ಬರುತ್ತೇನೆ.

ಕಣ್ಣಂಚಿನ ನೆರಿಗೆಯ ಮಾತು ಬಂದದ್ದು ಫ್ರೆಂಚ್ ವೈದ್ಯ ದುಶೆನ್‌ನಿಂದ, 1862ರಲ್ಲಿ. ಮುಖದ ಮೇಲೆ ವಿದ್ಯುತ್ ತಂತಿ ಇಟ್ಟು ಒಂದೊಂದೇ ಸ್ನಾಯುವನ್ನು ಸಂಕುಚಿಸಿ ಫೋಟೊ ತೆಗೆದವನು ಅವನು. ಮುಖ್ಯವಾಗಿ ಬಳಸಿದ್ದು ಒಬ್ಬ ಮುದುಕನ ಮುಖವನ್ನು, ಅವನಿಗೆ ಮುಖದ ಸ್ಪರ್ಶಜ್ಞಾನ ಕುಂದಿತ್ತು. ಇಲ್ಲದಿದ್ದರೆ ಆ ವಿದ್ಯುತ್ತನ್ನು ಯಾರು ಸಹಿಸುತ್ತಿದ್ದರು? ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರದರ್ಶನದ ಬಗ್ಗೆ ಬರೆದಾಗ ಇದೇ ಫೋಟೊಗಳನ್ನು ಬಳಸಿಕೊಂಡ. ಕಟವಾಯಿ ಎಳೆಯುವ ಸ್ನಾಯು ಇಚ್ಛೆಗೆ ಬಗ್ಗುತ್ತದೆ, ಕಣ್ಣಸುತ್ತಲಿನ ಸ್ನಾಯು ನಿಜವಾದ ಖುಷಿಗೆ ಮಾತ್ರ ಬಗ್ಗುತ್ತದೆ ಎಂಬುದು ದುಶೆನ್‌ನ ವಾದ.

ಅದರಲ್ಲಿ ಅರ್ಧ ಮಾತ್ರ ಉಳಿದಿದೆ. ಕೇಳಿಕೊಂಡರೆ ಎಯು 6 ತರಬಲ್ಲವರು ಬಹಳ ಜನ ಇದ್ದಾರೆ. ಮೇಲಾಗಿ ಎಯು 12 ಜೋರಾಗಿದ್ದರೆ ಕೆನ್ನೆಯ ಮಾಂಸವೇ ಮೇಲೆ ತಳ್ಳಿಕೊಂಡು ಬಂದು ಕಣ್ಣಂಚಿನಲ್ಲಿ ನೆರಿಗೆ ಹುಟ್ಟಿಸುತ್ತದೆ. ಅದು ಕಣ್ಣಸುತ್ತಲಿನ ಸ್ನಾಯುವಿನ ಕೆಲಸವೇ ಅಲ್ಲ. ದೊಡ್ಡ ನಗುವಿನಲ್ಲಿ ಎರಡನ್ನೂ ಬೇರ್ಪಡಿಸಬೇಕಾದರೆ ಕಣ್ಣಿನ ಕೆಳಗೆ ನೋಡಬೇಡಿ, ಮೇಲೆ ನೋಡಿ. ಹುಬ್ಬಿಗೂ ರೆಪ್ಪೆಗೂ ನಡುವಿನ ಚರ್ಮದ ಮಡಿಕೆ, ಅದರ ಹೊರ ಅರ್ಧ, ತುಸು ಕೆಳಗಿಳಿದಿದ್ದರೆ ಎಯು 6 ಇದೆ. ಇಳಿಯದೆ ಬರೀ ಕೆನ್ನೆ ಉಬ್ಬಿದ್ದರೆ ಅದು 12ರ ಪ್ರತಾಪ.

ಇದಕ್ಕಿಂತ ಹೆಚ್ಚು ನೆಚ್ಚಿಕೊಳ್ಳಬಹುದಾದದ್ದು ನಗುವಿನ ಕಾಲಗತಿ. ತಾನಾಗಿ ಬಂದ ನಗು ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಕ್ಯಾಮೆರಾಗಾಗಿ ತಂದುಕೊಂಡ ನಗು ಸರಕ್ಕನೆ ಏರುತ್ತದೆ, ಹೆಚ್ಚು ಅಗಲವಾಗಿರುತ್ತದೆ, ಕೊನೆಯಲ್ಲಿ ತಟ್ಟನೆ ಬಿದ್ದುಹೋಗುತ್ತದೆ. ಫೋಟೊದಲ್ಲಿ ಇದು ಸಿಗುವುದಿಲ್ಲ. ಹಾಗಾಗಿ ಹಾಳೆಯಲ್ಲಿ ನಗು ಶುರುವಾದ ಚೌಕಟ್ಟು (ವಿಡಿಯೊದ ಫ್ರೇಮ್), ಉತ್ತುಂಗದ ಚೌಕಟ್ಟು, ಮುಗಿದ ಚೌಕಟ್ಟು ಮೂರನ್ನೂ ಬರೆಸಿ. ಆದರೂ ‘ಹುಸಿ’ ಎಂಬ ಪದ ಬೇಡ. ಸಭ್ಯತೆಗೆ ನಕ್ಕವರು ಮೋಸ ಮಾಡುತ್ತಿದ್ದಾರೆ ಎಂದೇನಿಲ್ಲವಲ್ಲ.

ಬೇಕೆಂದು ಮಾಡಿದ ನಗು ಮತ್ತು ತಾನಾಗಿ ಬಂದ ನಗು ಬೇರೆ ಬೇರೆ ದಾರಿಯಲ್ಲಿ ಬರುತ್ತವೆ ಎಂಬುದಕ್ಕೆ ನರರೋಗ ವಿಭಾಗದಲ್ಲಿ ಗಟ್ಟಿ ಪುರಾವೆ ಇದೆ. ಮಿದುಳಿನ ಚಲನಾ ಭಾಗಕ್ಕೆ ಪೆಟ್ಟಾದ ಕೆಲವರಿಗೆ ‘ನಗಿ’ ಎಂದರೆ ಒಂದು ಕಡೆಯ ಕಟವಾಯಿ ಏಳುವುದೇ ಇಲ್ಲ, ಅದೇ ತಮಾಷೆ ಕೇಳಿದರೆ ಎರಡೂ ಕಡೆ ಏಳುತ್ತದೆ. ಬೇರೆ ಜಾಗದಲ್ಲಿ ಪೆಟ್ಟಾದವರಲ್ಲಿ ಇದರ ತದ್ವಿರುದ್ಧ. ಎರಡು ದಾರಿಗಳೂ ಕೊನೆಗೆ ಸೇರುವುದು ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ಕಪಾಲ ನರದಲ್ಲಿ. ಆ ನರಕ್ಕೇ ತೊಂದರೆಯಾದರೆ, ಬೆಲ್ಸ್ ಪಾಲ್ಸಿಯಲ್ಲಿ ಆಗುವ ಹಾಗೆ, ಆ ಪಕ್ಕದಲ್ಲಿ ಎರಡು ನಗುವೂ ನಿಲ್ಲುತ್ತವೆ, ಹಣೆಯೂ ಮಡಚುವುದಿಲ್ಲ.

ಇನ್ನು ವಿಡಿಯೊ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕಿರಲಿ. ತಲೆ ತುಸು ಕೆಳಗೆ ಬಾಗಿದರೂ ಹುಬ್ಬುಗಳು ವಿ ಆಕಾರದಲ್ಲಿ ಕಾಣುತ್ತವೆ; ಒಂದು ಸ್ನಾಯುವೂ ಅಲುಗದೆ ಮುಖ ಗದರುವಂತೆ ತೋರುತ್ತದೆ. ಮೇಲಿನಿಂದ ತೆಗೆದ ವಿಡಿಯೊದಲ್ಲೂ ಇದೇ ಫಜೀತಿ. ಎಯು 4 ತಪ್ಪಾಗಿ ಬೀಳುವುದಕ್ಕೆ ಇದೂ ಒಂದು ಕಾರಣ.

ಮೊಬೈಲ್ ಆದರೆ ಮುಖವನ್ನು ನುಣುಪು ಮಾಡುವ ‘ಬ್ಯೂಟಿ’ ಸೆಟ್ಟಿಂಗ್ ಆಫ್ ಮಾಡಿ. ನೀವು ಹುಡುಕುವ ನೆರಿಗೆಗಳನ್ನೇ ಅದು ಅಳಿಸಿಹಾಕುತ್ತದೆ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಕುಗ್ಗಿ ಬರುತ್ತದೆ, ಮೂಲ ಫೈಲನ್ನೇ ತರಿಸಿಕೊಳ್ಳಿ. ತೀರ ಹತ್ತಿರ ಹಿಡಿದರೆ ಮೂಗು ಉಬ್ಬಿ ಕಿವಿ ಹಿಂದೆ ಸರಿದಂತೆ ಕಾಣುತ್ತದೆ, ಅದೂ ಪ್ರಾಣಿಗಳಲ್ಲಿ ದೊಡ್ಡ ಎಡವಟ್ಟು. ಎರಡು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡುವುದು ಮೇಲು.

ಸೆಕೆಂಡಿಗೆ 30 ಚೌಕಟ್ಟು ಎಂದರೆ ಚೌಕಟ್ಟೊಂದಕ್ಕೆ 33 ಮಿಲಿಸೆಕೆಂಡು. ಸಾಮಾನ್ಯ ಭಾವಗಳಿಗೆ ಸಾಕು. ಸೂಕ್ಷ್ಮಭಾವ ಎಂದು ಕರೆಯುವ, ಸೆಕೆಂಡಿನ ಇಪ್ಪತ್ತೈದನೇ ಒಂದರಿಂದ ಐದನೇ ಒಂದು ಭಾಗದಷ್ಟು ಹೊತ್ತು ಮಾತ್ರ ಬಂದುಹೋಗುವ ಚಲನೆ ಬೇಕಾದರೆ 30ರಲ್ಲಿ ಸಿಗುವುದು ಒಂದರಿಂದ ಆರು ಚೌಕಟ್ಟು. ಅದಕ್ಕಾಗಿ ಸಂಶೋಧಕರು 100 ಅಥವಾ 200ರಲ್ಲಿ ಚಿತ್ರಿಸುತ್ತಾರೆ. ನಿಮಗೆ ಅದರ ಗೊಡವೆ ಬೇಡ. ಸೂಕ್ಷ್ಮಭಾವಗಳು ವಿರಳ, ಸುಳ್ಳು ಹಿಡಿಯಲು ಅವು ನೆಚ್ಚುವಂಥವಲ್ಲ. ಸಿನಿಮಾದವರು ಅವಕ್ಕೆ ಕೊಟ್ಟ ಮರ್ಯಾದೆ ಜಾಸ್ತಿಯಾಯಿತು.

ಪಶುವೈದ್ಯಕೀಯ

ಪ್ರಾಣಿಗಳ ಭಾಗಕ್ಕೆ ಬರೋಣ. ಇಲ್ಲಿ ಒಂದು ಗೆರೆ ಎಳೆದುಕೊಳ್ಳಲೇಬೇಕು. ನೋವು ಒಂದು ಕಡೆ, ಉಳಿದ ಭಾವಗಳೆಲ್ಲ ಇನ್ನೊಂದು ಕಡೆ.

ನೋವಿನ ವಿಷಯದಲ್ಲಿ ಮುಖದ ಅಂಕಗಳು ಗಟ್ಟಿ, ಯಾಕೆಂದರೆ ಅವನ್ನು ತಾಳೆ ನೋಡುವ ದಾರಿ ಇದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಅಂಕ ತೆಗೆಯಿರಿ, ಆದಮೇಲೆ ತೆಗೆಯಿರಿ, ನೋವುನಿವಾರಕ ಕೊಟ್ಟ ಮೇಲೆ ಮತ್ತೆ ತೆಗೆಯಿರಿ. ಏರಿದ್ದ ಅಂಕ ಔಷಧಿಗೆ ಇಳಿದರೆ ನೀವು ಅಳೆದದ್ದು ನೋವನ್ನೇ. ‘ಸಂತೋಷ’ಕ್ಕೆ, ‘ಬೇಸರ’ಕ್ಕೆ ಇಂಥ ಔಷಧಿ ಇಲ್ಲ, ಹಾಗಾಗಿ ತಾಳೆ ನೋಡುವುದು ಕಷ್ಟ.

ಈ ಬಗೆಯ ಮೊದಲ ಮಾಪಕ ಇಲಿಗಳಿಗೆ ಬಂತು, 2010ರಲ್ಲಿ. ಕಣ್ಣು ಕಿರಿದಾಗುವುದು, ಮೂಗು ಉಬ್ಬುವುದು, ಕೆನ್ನೆ ಉಬ್ಬುವುದು, ಕಿವಿಯ ಸ್ಥಾನ, ಮೀಸೆಯ ಬದಲಾವಣೆ, ಹೀಗೆ ಐದು ಅಂಶ, ಒಂದೊಂದಕ್ಕೂ 0, 1, 2. ಆಮೇಲೆ ಹೆಗ್ಗಣಗಳಿಗೆ 2011ರಲ್ಲಿ, ಮೊಲಗಳಿಗೆ 2012ರಲ್ಲಿ, ಕುದುರೆಗೆ 2014ರಲ್ಲಿ, ಬೆಕ್ಕಿಗೆ 2019ರಲ್ಲಿ ಬಂದವು. ಎಲ್ಲದರಲ್ಲೂ ಕಣ್ಣು ಕಿರಿದಾಗುವುದು ಇದ್ದೇ ಇದೆ. ನರಕ್ಕೆ ಪೆಟ್ಟಾಗಿ ದೀರ್ಘಕಾಲ ಉಳಿಯುವ ನೋವಿನಲ್ಲಿ ಇಲಿಯ ಮುಖ ಬದಲಾಗಲಿಲ್ಲ ಎಂಬುದನ್ನೂ ಆ ಮೊದಲ ಅಧ್ಯಯನವೇ ತೋರಿಸಿತು. ಅಂದರೆ ಅಂಕ ಸೊನ್ನೆ ಬಂದರೆ ನೋವಿಲ್ಲ ಎಂದು ಬರೆದುಬಿಡುವ ಹಾಗಿಲ್ಲ.

ನಿಮ್ಮ ಹಾಳೆಗೆ ಬೆಕ್ಕಿನ ಮಾಪಕ ಹೇಳಿ ಮಾಡಿಸಿದಂತಿದೆ. ಇದರ ಹೆಸರು ಫಿಲೈನ್ ಗ್ರಿಮೇಸ್ ಸ್ಕೇಲ್. ಅಂಶ ಐದು:

ಕಿವಿ. ಮುಂದಕ್ಕೆ ಮುಖಮಾಡಿದ್ದರೆ 0. ಎರಡು ಕಿವಿಗಳ ನಡುವಿನ ಅಂತರ ತುಸು ಹೆಚ್ಚಿದ್ದರೆ 1. ಚಪ್ಪಟೆಯಾಗಿ ಹೊರಕ್ಕೆ ತಿರುಗಿದ್ದರೆ 2.
ಕಣ್ಣು. ಪೂರ್ತಿ ತೆರೆದಿದ್ದರೆ 0, ಭಾಗಶಃ ಮುಚ್ಚಿದ್ದರೆ 1, ಕಿರಿದಾಗಿ ಗೆರೆಯಂತಾಗಿದ್ದರೆ 2.
ಮೂತಿ. ಸಡಿಲವಾಗಿ ದುಂಡಗಿದ್ದರೆ 0, ತುಸು ಬಿಗಿದಿದ್ದರೆ 1, ಬಿಗಿದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ 2.
ಮೀಸೆ. ಸಡಿಲವಾಗಿ ಬಾಗಿದ್ದರೆ 0, ಸ್ವಲ್ಪ ಮಾತ್ರ ಬಾಗಿದ್ದರೆ ಅಥವಾ ನೇರವಾಗಿದ್ದರೆ 1, ನೇರವಾಗಿ ಮುಂದಕ್ಕೆ ಚಾಚಿದ್ದರೆ 2.
ತಲೆ. ಭುಜದ ಗೆರೆಗಿಂತ ಮೇಲಿದ್ದರೆ 0, ಸಮಕ್ಕಿದ್ದರೆ 1, ಕೆಳಗಿದ್ದರೆ ಅಥವಾ ಗದ್ದ ಎದೆಯ ಕಡೆ ಬಾಗಿದ್ದರೆ 2.

ಒಟ್ಟು 10. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವುನಿವಾರಕದ ಬಗ್ಗೆ ಪಶುವೈದ್ಯರು ಯೋಚಿಸಬೇಕು. ಸ್ವಯಂಸೇವಕರು ತಾವೇ ಮನುಷ್ಯರ ಮಾತ್ರೆ ಕೊಡುವ ಸಾಹಸ ಮಾಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣಕ್ಕೇ ಕುತ್ತು. ಈ ಸಾಲನ್ನು ಹಾಳೆಯ ಮೇಲೆಯೇ ಅಚ್ಚು ಹಾಕಿಸಿ.

ಅಂಕ ಕೊಡುವ ಮುನ್ನ ಬೆಕ್ಕನ್ನು ಮುಟ್ಟದೆ, ಕರೆಯದೆ 30 ಸೆಕೆಂಡು ನೋಡಬೇಕು. ನಿದ್ದೆಯಲ್ಲಿದ್ದರೆ, ತಿನ್ನುತ್ತಿದ್ದರೆ, ಮೈ ನೆಕ್ಕಿಕೊಳ್ಳುತ್ತಿದ್ದರೆ, ಕೂಗುತ್ತಿದ್ದರೆ ಆಗ ಅಂಕ ಬೇಡ, ಕಾಯಬೇಕು. ಒಂದು ಭಾಗ ಕಾಣದಿದ್ದರೆ ಸೊನ್ನೆ ಹಾಕಬಾರದು. ‘ಕಾಣಲಿಲ್ಲ’ ಎಂದು ಬರೆದು ಒಟ್ಟು 10ರ ಬದಲು 8ಕ್ಕೆ ಲೆಕ್ಕ ಮಾಡಬೇಕು. ಮಂಪರು ಬರಿಸುವ ಔಷಧಿ ಇನ್ನೂ ಇಳಿಯದಿದ್ದಾಗ ಕಣ್ಣು ಅರೆಮುಚ್ಚಿರುತ್ತದೆ, ತಲೆ ಜೋತಿರುತ್ತದೆ, ಅಂಕ ಸುಮ್ಮನೆ ಏರುತ್ತದೆ. ಪರ್ಷಿಯನ್‌ನಂಥ ಚಪ್ಪಟೆ ಮುಖದ ತಳಿಗಳು ಸುಮ್ಮನೆ ಕೂತಾಗಲೇ ನೋವಿನ ಮುಖದಂತೆ ಕಾಣುತ್ತವೆ. ಅವಕ್ಕೆ ಅದೇ ಬೆಕ್ಕಿನ ಹಳೆಯ ವಿಡಿಯೊ ಜೊತೆಗೆ ಹೋಲಿಸಿದರೆ ಮಾತ್ರ ಅರ್ಥವಿದೆ.

ಕಣ್ಣಿನ ಪಾಪೆ ಈ ಮಾಪಕದಲ್ಲಿ ಇಲ್ಲ, ಗಮನಿಸಿ. ಬೆಳಕಿಗೆ ತಕ್ಕಂತೆ ಬೆಕ್ಕಿನ ಪಾಪೆ ಅಷ್ಟು ಬದಲಾಗುವುದರಿಂದ ಬೇರೆ ಬೇರೆ ಕೋಣೆಯಲ್ಲಿ ತೆಗೆದ ಪಾಪೆಗಳನ್ನು ಹೋಲಿಸುವುದು ನಿರರ್ಥಕ.

ಕುದುರೆಗೆ ಆರು ಅಂಶ: ಕಿವಿ ಹಿಂದಕ್ಕೆ ಸೆಟೆದಿರುವುದು, ಕಣ್ಣು ಕಿರಿದಾಗುವುದು, ಕಣ್ಣಿನ ಮೇಲ್ಭಾಗ ಬಿಗಿದು ಮೂಳೆಯ ಅಂಚು ಎದ್ದು ಕಾಣುವುದು, ಅಗಿಯುವ ಸ್ನಾಯು ಎದ್ದು ಕಾಣುವುದು, ಬಾಯಿ ಬಿಗಿದು ಗದ್ದ ಮುಂದೆ ಕಾಣುವುದು, ಮೂಗಿನ ಹೊಳ್ಳೆ ಬಿಗಿಯುವುದು. ಇಲ್ಲೂ 0, 1, 2; ಒಟ್ಟು 12. ಕುದುರೆ ಮೇಲ್ದುಟಿಯನ್ನು ಮಡಚಿ ಹಲ್ಲು ತೋರಿಸಿ ಮುಖ ಮೇಲೆತ್ತಿದರೆ ಅದು ನಗುವುದೂ ಅಲ್ಲ, ನೋವೂ ಅಲ್ಲ. ವಾಸನೆಯನ್ನು ಬಾಯಿಯ ಮೇಲ್ಭಾಗದ ವಾಸನಾಂಗಕ್ಕೆ ಒಯ್ಯುವ ಕ್ರಮ ಅದು. ಹಸು, ಬೆಕ್ಕುಗಳೂ ತಂತಮ್ಮ ರೀತಿಯಲ್ಲಿ ಮಾಡುತ್ತವೆ.

ಕೊನೆಯದಾಗಿ, ನೋಡುವವರು ಎದುರಿಗೆ ನಿಂತಿದ್ದರೆ ಅಂಕವೇ ಬದಲಾಗಬಹುದು. ಪ್ರಯೋಗಾಲಯದಲ್ಲಿ ಪುರುಷರು ಹತ್ತಿರವಿದ್ದಾಗ, ಅವರು ತೊಟ್ಟ ಅಂಗಿ ಮಾತ್ರ ಇದ್ದಾಗಲೂ, ಇಲಿಗಳ ನೋವಿನ ಮುಖ ಕಡಿಮೆಯಾದದ್ದನ್ನು 2014ರಲ್ಲಿ ತೋರಿಸಿದರು. ವಾಸನೆಯಿಂದಾದ ಒತ್ತಡ ನೋವನ್ನು ತಾತ್ಕಾಲಿಕವಾಗಿ ಅದುಮುತ್ತದೆ. ಸಾಧ್ಯವಾದಲ್ಲೆಲ್ಲ ಕ್ಯಾಮೆರಾ ಇಟ್ಟು ಆಚೆ ಹೋಗಿ.

ಹಾಳೆಗಾರ

ಬಹಳ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಬೆಕ್ಕಿನ ಭಾಗ ಹಾಗೇ ತೆಗೆದುಕೊಳ್ಳುತ್ತೇನೆ. ನಾಯಿಗೆ ಇಂಥ ಮಾಪಕ ಯಾಕೆ ಹೆಸರಿಸಲಿಲ್ಲ ಸರ್? ನಾಯಿಯ ಮುಖ ಎಲ್ಲಕ್ಕಿಂತ ಸುಲಭ ಅಂದುಕೊಂಡಿದ್ದೆ. ‘ತಪ್ಪು ಮಾಡಿದ ಮುಖ’ ಅಂತ ಒಂದು ಕಾಲಂ ಇಡಬೇಕೆಂದು ಇಬ್ಬರು ಒತ್ತಾಯ ಮಾಡುತ್ತಿದ್ದಾರೆ.

ಶ್ವಾನಶಾಸ್ತ್ರ

ಆ ಕಾಲಂ ಬೇಡವೇ ಬೇಡ. ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬುದನ್ನು ಯಜಮಾನರಿಗೆ ಬೇಕೆಂದೇ ಕೆಲವೊಮ್ಮೆ ತಪ್ಪಾಗಿ ಹೇಳಿದರು. ಆ ‘ತಪ್ಪಿತಸ್ಥ’ ಮುಖ ಬಂದದ್ದು ಬೈಗುಳಕ್ಕೆ. ತಿಂದಿತ್ತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ತಿನ್ನದೆ ಬೈಸಿಕೊಂಡ ನಾಯಿಗಳಲ್ಲೂ ಚೆನ್ನಾಗಿಯೇ ಕಂಡಿತು. ಕಿವಿ ಹಿಂದೆ, ಕಣ್ಣು ಬೇರೆ ಕಡೆ, ಮೈ ಕುಗ್ಗಿ ಕೂತರೆ ‘ಎದುರಿಗಿರುವವರ ಸಿಟ್ಟಿಗೆ ತಗ್ಗಿದೆ’ ಎಂದು ಬರೆಯಿರಿ, ಅಷ್ಟೇ.

ನಾಯಿಯ ಮುಖ ಸುಲಭ ಅನ್ನಿಸುವುದಕ್ಕೆ ಒಂದು ಕಾರಣ ಅದರ ಒಳಹುಬ್ಬು. ಹುಬ್ಬಿನ ಒಳತುದಿಯನ್ನು ಎತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಬರೀ ಎಳೆಗಳಷ್ಟು. 2019ರ ಅಂಗರಚನಾ ಅಧ್ಯಯನ ಇದನ್ನು ತೋರಿಸಿತು. ಈ ಚಲನೆ ನಡೆದಾಗ ಕಣ್ಣು ದೊಡ್ಡದಾಗಿ, ನರಸ್ನಾಯು ಅವರು ಹೇಳಿದ ಎಯು 1ರ ಹಾಗೆ ಕಾಣುತ್ತದೆ. ಮನುಷ್ಯರಲ್ಲಿ ಅದು ದುಃಖದ ಗುರುತು, ಹಾಗಾಗಿ ನಾಯಿಯಲ್ಲೂ ದುಃಖವೇ ಕಂಡುಬಿಡುತ್ತದೆ. ನಮ್ಮ ಕಣ್ಣಿನ ಅಭ್ಯಾಸ ಅದು. 2017ರ ಇನ್ನೊಂದು ಅಧ್ಯಯನದಲ್ಲಿ ಮನುಷ್ಯರು ತಮ್ಮ ಕಡೆ ಮುಖ ಮಾಡಿದಾಗ ನಾಯಿಗಳ ಮುಖಚಲನೆ ಹೆಚ್ಚಾಯಿತು, ಕೈಯಲ್ಲಿ ತಿಂಡಿ ಇದ್ದದ್ದರಿಂದ ಹೆಚ್ಚಾಗಲಿಲ್ಲ. ಒಳಗಿನ ಭಾವ ತಾನಾಗಿ ಹೊರಚೆಲ್ಲುವುದಷ್ಟೇ ಇಲ್ಲಿ ನಡೆಯುತ್ತಿಲ್ಲ ಎಂದಾಯಿತು.

ಮಾಪಕ ಕಷ್ಟವಾಗುವುದು ತಳಿಗಳಿಂದ. ಜೋಲುಕಿವಿ, ನಿಮಿರುಕಿವಿ, ಉದ್ದ ಮೂತಿ, ಚಪ್ಪಟೆ ಮೂತಿ, ಕಣ್ಣು ಮುಚ್ಚುವ ಕೂದಲು, ಜೋತುಬಿದ್ದ ತುಟಿ: ಒಂದೇ ಅಂಕಪಟ್ಟಿ ಇಷ್ಟಕ್ಕೆಲ್ಲ ಹೊಂದುವುದಿಲ್ಲ. ಅದಕ್ಕೇ ನಾಯಿಯ ನೋವಿಗೆ ಹೆಚ್ಚು ಬಳಕೆಯಲ್ಲಿರುವ ಗ್ಲಾಸ್ಗೋ ಮಾಪಕದ ಚಿಕ್ಕ ರೂಪ ನಡಿಗೆ, ಗಾಯದ ಕಡೆ ಗಮನ, ಮುಟ್ಟಿದಾಗಿನ ಪ್ರತಿಕ್ರಿಯೆ, ಕೂಗು, ಭಂಗಿಗಳನ್ನು ಕೇಳುತ್ತದೆ. ನಿಮ್ಮ ಹಾಳೆಯಲ್ಲೂ ನಾಯಿಯ ನೋವಿಗೆ ಮುಖಕ್ಕಿಂತ ಮೈಗೆ ಜಾಗ ಕೊಡಿ.

ಬೇರೆ ಭಾವಗಳಿಗೆ ಚಲನೆಗಳನ್ನು ಬರೆಯಲು ಫ್ಯಾಕ್ಸ್‌ನ ನಾಯಿ ರೂಪವಾದ ಡಾಗ್‌ಫ್ಯಾಕ್ಸ್ ಇದೆ, 2013ರದ್ದು. ಅದನ್ನು ಬಳಸಿ 2019ರಲ್ಲಿ ಲ್ಯಾಬ್ರಡಾರ್‌ಗಳ ಮೇಲೆ ಒಂದು ಒಳ್ಳೆಯ ಪ್ರಯೋಗ ನಡೆಯಿತು. ಒಂದೇ ತಳಿ ಆರಿಸಿದ್ದೇ ಮುಖದ ಆಕಾರದ ಗೊಂದಲ ತಪ್ಪಿಸಲು. ತಿಂಡಿ ಬರುತ್ತದೆ ಎಂದು ಕಾಯುವಾಗ ಕಿವಿಗಳು ತಲೆಯ ನಡುಗೆರೆಯ ಕಡೆ ಹತ್ತಿರ ಬಂದವು. ತಿಂಡಿ ಕಣ್ಣೆದುರೇ ಇದ್ದೂ ಸಿಗದಿದ್ದಾಗ ಕಣ್ಣು ಮಿಟುಕಿಸುವುದು, ತುಟಿ ಬಿಚ್ಚುವುದು, ದವಡೆ ಇಳಿಯುವುದು, ಮೂಗು ನೆಕ್ಕುವುದು, ಕಿವಿ ಚಪ್ಪಟೆಯಾಗುವುದು ಹೆಚ್ಚಿದವು. ಹೆಚ್ಚಿದವು, ಅಷ್ಟೇ, ಇನ್ನೊಂದು ಸಂದರ್ಭದಲ್ಲಿ ಬರಲೇ ಇಲ್ಲ ಎಂದಲ್ಲ. ಮೂಗು ನೆಕ್ಕುವುದಕ್ಕೆ ವಾಕರಿಕೆಯೂ ಕಾರಣ, ಈಗಷ್ಟೇ ಊಟ ಮುಗಿಸಿದ್ದೂ ಕಾರಣ.

ಸ್ವಯಂಸೇವಕರ ಕೈ ಕಾಪಾಡುವ ಒಂದು ಅಂಶವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ. ನಾಯಿ ಹಲ್ಲು ಕಿರಿದಾಗ ಹಲ್ಲು ನೋಡುತ್ತ ನಿಲ್ಲಬೇಡಿ, ಕಟವಾಯಿ ನೋಡಿ. ಕಟವಾಯಿ ಮುಂದಕ್ಕೆ ಬಂದು ಬಾಯಿ ಗಿಡ್ಡವಾಗಿ, ಮೂಗಿನ ಮೇಲೆ ಮಡಿಕೆ ಎದ್ದು, ಮುಂಭಾಗದ ಹಲ್ಲು ಮಾತ್ರ ಕಂಡರೆ ಮೇಲೆ ಬೀಳಲು ಸಿದ್ಧವಾಗಿದೆ. ಕಟವಾಯಿ ಹಿಂದಕ್ಕೆಳೆದು ಬಾಯಿ ಉದ್ದವಾಗಿ ಹಿಂದಿನ ಹಲ್ಲುಗಳೂ ಕಂಡರೆ ಹೆದರಿದೆ. ಹೆದರಿದ ನಾಯಿಯೂ ದಾರಿ ಕಟ್ಟಿದರೆ ಕಚ್ಚುತ್ತದೆ, ಆದ್ದರಿಂದ ಎರಡರಲ್ಲೂ ಹಿಂದೆ ಸರಿಯಬೇಕು. ಹೆದರಿದ್ದಕ್ಕೆ ಪಕ್ಕಕ್ಕೆ ಜಾಗ ಬಿಟ್ಟುಕೊಡುವುದು ಇನ್ನೂ ಮುಖ್ಯ. ಮುಖ ಒಂದು ಕಡೆ, ಕಣ್ಣು ಇನ್ನೊಂದು ಕಡೆ ತಿರುಗಿ ಬಿಳಿಗುಡ್ಡೆ ಅರ್ಧಚಂದ್ರದಂತೆ ಕಂಡರೆ ಕೈ ಚಾಚಬೇಡಿ.

ಹಲ್ಲಿನ ಮಾತು ಬಂದದ್ದಕ್ಕೆ ಕೋತಿಗಳದ್ದೂ ಒಂದು ಸಾಲು. ರೀಸಸ್ ಕೋತಿ ಸದ್ದಿಲ್ಲದೆ ಹಲ್ಲು ಕಿರಿದರೆ ಅದು ತನಗಿಂತ ಮೇಲಿನವರಿಗೆ ತಗ್ಗುವ ಸಂಜ್ಞೆ. ಬಾಯಿ ತೆರೆದು ದಿಟ್ಟಿಸಿ ನೋಡಿದರೆ ಬೆದರಿಕೆ. ಆಟದ ಮುಖದಲ್ಲಿ ಬಾಯಿ ಸಡಿಲವಾಗಿ ತೆರೆದಿರುತ್ತದೆ. ಮನುಷ್ಯರ ಮುಗುಳ್ನಗೆ ಮೊದಲನೆಯದಕ್ಕೂ ನಗು ಮೂರನೆಯದಕ್ಕೂ ನೆಂಟ ಎಂದು ವಾನರಗಳ ಅಧ್ಯಯನಕಾರ ವಾನ್ ಹೂಫ್ 1972ರಲ್ಲೇ ವಾದಿಸಿದ್ದ. ಡಾಲ್ಫಿನ್ ನಗುತ್ತಿದೆ ಎಂದು ಯಾರಾದರೂ ಚಿತ್ರ ಸೇರಿಸಿದರೆ ತೆಗೆದುಹಾಕಿ. ಅದರ ದವಡೆಯ ಆಕಾರವೇ ಹಾಗೆ.

ಎದುರುವಾದಿ

ಮೇಲಿನ ಉತ್ತರಗಳಲ್ಲಿ ತೂಕ ಒಂದೇ ಕಡೆ ವಾಲಿದೆ ಅನ್ನಿಸಿತು. ಮುಖದಲ್ಲಿ ಏನೂ ಓದಲಾಗದು ಎಂಬ ಅರ್ಥ ಬರಬಾರದು. ಡೇವಿಡ್ ಮತ್ಸುಮೊಟೊ ಮತ್ತು ಬಾಬ್ ವಿಲ್ಲಿಂಗ್‌ಹ್ಯಾಮ್ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಜೂಡೊ ಸ್ಪರ್ಧಿಗಳ ಮುಖಗಳನ್ನು ಎಯು ಲೆಕ್ಕದಲ್ಲಿ ಕೋಡ್ ಮಾಡಿ 2009ರಲ್ಲಿ ಪ್ರಕಟಿಸಿದರು. ಹುಟ್ಟುಕುರುಡರು ಗೆದ್ದಾಗ, ಸೋತಾಗ ತೋರಿದ ಚಲನೆಗಳು ಕಣ್ಣಿರುವ ಸ್ಪರ್ಧಿಗಳ ಚಲನೆಗಳಂತೆಯೇ ಇದ್ದವು. ನೋಡಿ ಕಲಿತದ್ದಲ್ಲ, ಹುಟ್ಟಿನಿಂದ ಬಂದದ್ದು ಏನೋ ಇದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಕಷ್ಟ. ಆರು ಭಾವಗಳನ್ನು ಪೂರ್ತಿ ಕೈಬಿಡಬೇಡಿ, ಕೊನೆಯ ಕಾಲಂನಲ್ಲಿ ಊಹೆಯಾಗಿ ಇಟ್ಟುಕೊಳ್ಳಿ.

ನರಸ್ನಾಯು

ಒಪ್ಪಿದೆ, ಚಲನೆಗಳಲ್ಲಿ ಹುಟ್ಟಿನಿಂದ ಬಂದದ್ದು ಖಂಡಿತ ಇದೆ. ನನ್ನ ತಕರಾರು ನೋಡುವವರು ಕೊಡುವ ಹೆಸರಿನ ಬಗ್ಗೆ. ಕಣ್ಣರಳಿಸಿ ಬಾಯಿ ತೆರೆದ ಮುಖವನ್ನು ಪಾಶ್ಚಾತ್ಯ ದೇಶಗಳವರು ಭಯ ಎನ್ನುತ್ತಾರೆ. ಪಾಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪವಾಸಿಗಳು ಅದೇ ಮುಖವನ್ನು ಬೆದರಿಸುವ ಮುಖ ಎಂದು ಗುರುತಿಸಿದ್ದು 2016ರಲ್ಲಿ ಪ್ರಕಟವಾಗಿದೆ. ಭಾವ ಉತ್ಕಟವಾದಷ್ಟೂ ಮುಖ ಕೈಕೊಡುತ್ತದೆ ಎಂಬುದೂ ಇದೆ: 2012ರಲ್ಲಿ ಟೆನಿಸ್ ಆಟಗಾರರ ಪಾಯಿಂಟ್ ಗೆದ್ದ, ಸೋತ ಕ್ಷಣದ ಚಿತ್ರಗಳನ್ನು ಕೊಟ್ಟಾಗ, ಮುಖ ಮಾತ್ರ ಕಂಡವರು ಗೆಲುವು ಸೋಲು ಬೇರ್ಪಡಿಸಲಾರದೆ ಹೋದರು, ಮೈ ಕಂಡವರು ಬೇರ್ಪಡಿಸಿದರು. ಆದ್ದರಿಂದ ನಿಮ್ಮ ಊಹೆಯ ಕಾಲಂ ಪಕ್ಕದಲ್ಲಿ ಎರಡು ಚಿಕ್ಕ ಜಾಗ ಬೇಕು, ‘ಮೈ ಹೇಗಿತ್ತು’ ಮತ್ತು ‘ಆಗಷ್ಟೇ ಏನಾಯಿತು’. ಇವೆರಡು ಖಾಲಿಯಿದ್ದರೆ ಊಹೆ ಬರೆಯಲು ಅವಕಾಶವಿಲ್ಲ ಎಂದು ನಿಯಮ ಮಾಡಿ.

ಚೌಕಟ್ಟು_30

ಸಾಫ್ಟ್‌ವೇರ್ ಪ್ರಶ್ನೆ ಉಳಿದುಹೋಯಿತು. ಎರಡು ಜಾತಿ ಇವೆ. ‘ಸಂತೋಷ 87%’ ಎಂದು ಹೇಳುವವು ಒಂದು. ಅವು ಬಹುಪಾಲು ನಟಿಸಿದ ಚಿತ್ರಗಳ ಮೇಲೆ ಕಲಿತವು, ಆ ಶೇಕಡಾ ಎಂದರೆ ತಾನು ಕಲಿತ ಚಿತ್ರಗಳಿಗೆ ಎಷ್ಟು ಹೋಲುತ್ತದೆ ಎಂಬುದೇ ಹೊರತು ವ್ಯಕ್ತಿಯೊಳಗಿನ ಸಂತೋಷದ ಅಳತೆ ಅಲ್ಲ. ಬಳಸಬೇಡಿ. ಮೈಕ್ರೋಸಾಫ್ಟ್ 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವ ಊಹಿಸುವ ಭಾಗವನ್ನು ತೆಗೆಯುವುದಾಗಿ ಹೇಳಿತು. ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಸ್ಥಳ ಮತ್ತು ಶಿಕ್ಷಣ ಸಂಸ್ಥೆಗಳಲ್ಲಿ ಜನರ ಭಾವ ಊಹಿಸುವ ವ್ಯವಸ್ಥೆಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಫೆಬ್ರವರಿ 2025ರಿಂದ ನಿಷೇಧಿಸಿದೆ.

ಎಯುಗಳನ್ನು ಮಾತ್ರ ಗುರುತಿಸುವವು ಎರಡನೇ ಜಾತಿ, ಅವು ಉಪಯುಕ್ತ. ಕೈಯಿಂದ ಒಂದು ನಿಮಿಷದ ವಿಡಿಯೊ ಪೂರ್ತಿ ಕೋಡ್ ಮಾಡಲು ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಎಲ್ಲಿ ಚಲನೆ ಇದೆ ಎಂದು ಹುಡುಕಿಕೊಡಲು ಬಳಸಿ, ಕೊನೆಯ ಅಂಕ ಕಣ್ಣಿನಿಂದ ಕೊಡಿ. ಕನ್ನಡಕ, ಗಡ್ಡ, ಪಕ್ಕಕ್ಕೆ ತಿರುಗಿದ ತಲೆ ಇದ್ದರೆ ಅವೂ ತಪ್ಪುತ್ತವೆ. ಮನುಷ್ಯರ ಮುಖಕ್ಕೆ ಮಾಡಿದ್ದನ್ನು ನಾಯಿಗೆ ಹಾಕಿ ನೋಡುವ ಆಸೆ ಬೇಡ.

ಇಬ್ಬರ ಅಂಕ ತಾಳೆಯಾಗುತ್ತದೋ ನೋಡಲು ಹೀಗೆ ಮಾಡಿ. ವಿಡಿಯೊದಿಂದ ಧ್ವನಿ ತೆಗೆಯಿರಿ, ಫೈಲಿಗೆ ‘ಆಪರೇಷನ್ ಆದಮೇಲೆ’ ಅಂಥ ಹೆಸರು ಇಡದೆ ಬರೀ ನಂಬರು ಇಡಿ, ಕ್ರಮ ಕಲಸಿ. ಹೆಸರು ಕಂಡರೆ ನೋವು ಕಾಣುತ್ತದೆ, ಅದು ಎಂಥವರಿಗೂ ಆಗುವ ಸಂಗತಿ. ಇಬ್ಬರೂ ಒಬ್ಬರ ಹಾಳೆ ಒಬ್ಬರು ನೋಡದೆ ಅಂಕ ಕೊಡಲಿ. ಒಟ್ಟು ಅಂಕವನ್ನಷ್ಟೇ ಹೋಲಿಸದೆ ಅಂಶವಾರು ಹೋಲಿಸಿ, ಬರೀ ಶೇಕಡಾ ಬದಲು ಕಾಪಾ (ಆಕಸ್ಮಿಕವಾಗಿ ತಾಳೆಯಾಗುವ ಪಾಲನ್ನು ಕಳೆದು ಒಪ್ಪಿಗೆ ಅಳೆಯುವ ಸಂಖ್ಯೆ) ಲೆಕ್ಕ ಹಾಕಿ, ಯಾಕೆಂದರೆ ಬಹುತೇಕ ಅಂಕ ಸೊನ್ನೆಯೇ ಇದ್ದಾಗ ಕಣ್ಣುಮುಚ್ಚಿ ಸೊನ್ನೆ ಹಾಕಿದರೂ ಶೇಕಡಾ ಚೆನ್ನಾಗಿ ಬರುತ್ತದೆ. ಸಾಮಾನ್ಯವಾಗಿ ಕಣ್ಣು ಮತ್ತು ಕಿವಿಯಲ್ಲಿ ಒಪ್ಪುತ್ತಾರೆ, ಮೂತಿ ಮತ್ತು ಮೀಸೆಯಲ್ಲಿ ಒಡೆಯುತ್ತಾರೆ. ಬಿಳಿ ಮೀಸೆ ಬಿಳಿ ಗೋಡೆಯ ಮುಂದೆ ಕಾಣುವುದೇ ಇಲ್ಲ. ಪಂಜರದ ಹಿಂದೆ ಒಂದು ಕಡುಬಣ್ಣದ ಬಟ್ಟೆ ತೂಗುಹಾಕಿದರೆ ಅರ್ಧ ಜಗಳ ಅಲ್ಲೇ ತೀರುತ್ತದೆ.